ಹಿಂದಿನ ಸೀಟಿನ ದೊರೆ

ಡ್ರೈವಿಂಗ್ ಶಾಲೆ ನಡೆಸುವ ಆ ಹೆಂಗಸನ್ನು ಊರೆಲ್ಲ ಕ್ಲಚ್ಚಕ್ಕ ಎಂದೇ ಕರೆಯುತ್ತಿತ್ತು. ಕಲಿಯಲು ಬಂದವರು ಮೊದಲ ವಾರವೆಲ್ಲ ಅವಳ ಬಾಯಲ್ಲಿ ಕೇಳುತ್ತಿದ್ದುದು ಆ ಒಂದೇ ಪದ. ಸಿಟ್ಟಿಲ್ಲ, ಕಿರುಚಾಟವಿಲ್ಲ, ಮಗುವನ್ನು ತಟ್ಟಿ ಮಲಗಿಸುವವಳ ಹಾಗೆ "ಕ್ಲಚ್, ಕ್ಲಚ್" ಎನ್ನುತ್ತಿದ್ದಳು. ಶಾಲೆ ಎಂದರೆ ದೊಡ್ಡದೇನಲ್ಲ. ಮನೆಯ ಮುಂದಿನ ಕೋಣೆ, ಗೋಡೆಗೆ ರಸ್ತೆ ಚಿಹ್ನೆಗಳ ಪಟ, ಎರಡು ಕುರ್ಚಿ, ಬಾಗಿಲ ಮುಂದೆ ಒಂದು ಹಳೆಯ ಬಿಳಿ ಕಾರು. ಕಾರಿನಲ್ಲಿ ಅವಳು ಕೂರುವ ಕಡೆಗೂ ಒಂದು ಬ್ರೇಕ್. ಹಿಂದಿನ ಸೀಟಿನಲ್ಲಿ ದೊರೆ.

ದೊರೆ ಅವಳ ನಾಯಿ. ಕಂದು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡದ್ದು. ಬಹಳ ವರ್ಷಗಳ ಹಿಂದೆ ಅಂಗಡಿ ಸಾಲಿನ ಹಿಂದಿನ ಬಯಲಿನಲ್ಲಿ ಯಾರಿಗೋ ರಿವರ್ಸ್ ಕಲಿಸುತ್ತಿದ್ದಾಗ ಕಾರಿನ ಹಿಂದೆ ಏನೋ ಮಿಸುಕಿದಂತಾಗಿ ಅವಳು ಬ್ರೇಕ್ ತುಳಿದಿದ್ದಳು. ಇಳಿದು ನೋಡಿದರೆ ಅಂಗೈ ಅಗಲದ ಮರಿ. ಎತ್ತಿ ಬದಿಗಿಡೋಣ ಎಂದು ಬಾಗಿದರೆ ಅದು ಅವಳ ಕಾಲ ಸಂದಿಯಲ್ಲಿ ನುಸುಳಿ, ತೆರೆದ ಬಾಗಿಲಿನಿಂದ ಒಳಗೆ ಹತ್ತಲು ಹೆಣಗಾಡಿತು. ಎತ್ತಿ ಸೀಟಿನ ಮೇಲೆ ಬಿಟ್ಟಳು. ಪಾಠ ಮುಗಿಯುವಷ್ಟರಲ್ಲಿ ಅದಕ್ಕೆ ಗಾಢ ನಿದ್ದೆ. "ಇಳಿಸೋಕೆ ಮನಸ್ಸಾಗಲಿಲ್ಲ, ಆಮೇಲೆ ಅದೇ ಇಳೀಲಿಲ್ಲ" ಎಂದು ಅವಳು ಹೇಳುತ್ತಿದ್ದಳು.

ಅಂದಿನಿಂದ ದೊರೆ ಇಲ್ಲದ ಪಾಠವೇ ಇರಲಿಲ್ಲ. ಯಾರಾದರೂ ಗೇರನ್ನು ಕಿರ್ರೆನಿಸಿದರೆ ಹಿಂದಿನಿಂದ ಒಂದು ಉದ್ದನೆಯ ನಿಟ್ಟುಸಿರು ಕೇಳಿಬರುತ್ತಿತ್ತು. ಕಲಿಯುವವರು ಕನ್ನಡಿಯಲ್ಲಿ ರಸ್ತೆಗಿಂತ ಹೆಚ್ಚಾಗಿ ಅವನ ಮುಖವನ್ನೇ ನೋಡುತ್ತಿದ್ದರು. "ಇವತ್ತು ದೊರೆಗಳು ಪೂರ್ತಿ ನಿದ್ದೆ ಮಾಡಿದ್ರು" ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಅವರು ಪರೀಕ್ಷೆಗೆ ತಯಾರಾಗಿದ್ದಾರೆ ಎಂದೇ ಲೆಕ್ಕ.

ಮದುವೆಯ ಗೋಜಿಗೆ ಹೋಗದ ಕ್ಲಚ್ಚಕ್ಕನ ಮನೆಯಲ್ಲಿ ಇನ್ನು ಇದ್ದವರು ಅವಳ ಅಪ್ಪ ಒಬ್ಬರೇ. ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ, ಔಷಧಿ ಕೊಡುವ ಕಿಟಕಿಯ ಹಿಂದೆ ಅರ್ಧ ಆಯಸ್ಸು ಕಳೆದವರು. ಮಾತ್ರೆಯ ಮೇಲೆ ಅವರಿಗೆ ಅಪಾರ ನಂಬಿಕೆ, ಮಿಕ್ಕದ್ದೆಲ್ಲ ಬೂದಿ ಮಣ್ಣು. ಮಂಡಿ ನೋವಿನಿಂದಾಗಿ ಅವರು ಕುರ್ಚಿ ಬಿಟ್ಟು ಏಳುವುದೇ ಕಡಿಮೆ. ಏಳುವಾಗ ಅವರೂ ದೊರೆಯೂ ಒಟ್ಟಿಗೇ ನರಳುತ್ತಿದ್ದರು. ಮೊದಲು ನರಳಿದವರು ಯಾರು ಎಂದು ಕ್ಲಚ್ಚಕ್ಕ ಅಡುಗೆಮನೆಯಿಂದಲೇ ಗುರುತಿಸುತ್ತಿದ್ದಳು.

ಒಂದು ಬೆಳಿಗ್ಗೆ ದೊರೆ ಕಾರಿನ ಬಾಗಿಲ ಬಳಿ ನಿಂತವನು ಹತ್ತಲಿಲ್ಲ. ಮುಂಗಾಲು ಸೀಟಿನ ಅಂಚಿಗೆ ಇಟ್ಟ, ಹಿಂಗಾಲು ನೆಲದ ಮೇಲೆ ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿದ. ಆಮೇಲೆ ತನಗೇನೂ ಆಗಿಲ್ಲವೆಂಬಂತೆ ಬೇರೆ ಕಡೆ ಮುಖ ತಿರುಗಿಸಿ ಕಾರಿನ ಚಕ್ರವನ್ನು ಮೂಸಲು ಶುರುಮಾಡಿದ. ಆ ಮುಖ ತಿರುಗಿಸಿದ್ದನ್ನು ಅವಳು ಕಂಡಳು. ಅವತ್ತಿನ ಪಾಠಗಳನ್ನೆಲ್ಲ ಮುಂದೂಡಿ ಅವನನ್ನು ಪ್ರಾಣಿಗಳ ಆಸ್ಪತ್ರೆಗೆ ಕರೆದೊಯ್ದಳು.

ಎಕ್ಸ್‌ರೇ ನೋಡಿದ ಡಾಕ್ಟರು ಸೊಂಟದ ಕೀಲು ಸವೆದಿದೆ, ಬೆನ್ನುಮೂಳೆಯೂ ಪೆಡಸಾಗಿದೆ ಎಂದರು. ನೋವಿನ ಮಾತ್ರೆ ಕೊಟ್ಟರು. ಮಾತ್ರೆ ನುಂಗಿದ ದೊರೆ ಊಟ ಬಿಟ್ಟ, ವಾಂತಿ ಮಾಡಿಕೊಂಡ. ರಕ್ತ ಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡವೂ ಸೋತಿದೆ ಎಂದು ತಿಳಿಯಿತು. ಆ ಮಾತ್ರೆಯನ್ನು ಇನ್ನು ಕೊಡುವಂತಿರಲಿಲ್ಲ. ಅದೇ ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಬರುವ ಇನ್ನೊಬ್ಬ ಡಾಕ್ಟರಮ್ಮ ಅಕ್ಯುಪಂಕ್ಚರ್ ಮಾಡುತ್ತಾರೆ, ಚೀನೀ ಗಿಡಮೂಲಿಕೆ ಔಷಧಿಯನ್ನೂ ಕೊಡುತ್ತಾರೆ, ಬೇಕಿದ್ದರೆ ತೋರಿಸಿ ಎಂದು ಡಾಕ್ಟರು ಅರೆಮನಸ್ಸಿನಿಂದಲೇ ಹೇಳಿದರು.

ಅಪ್ಪನಿಗೆ ವಿಷಯ ತಿಳಿದು ನಗು ತಡೆಯಲಾಗಲಿಲ್ಲ. ನಾಯಿಗೆ ಸೂಜಿ ಚುಚ್ಚಿಸಿ ಬೇರು ನಾರು ತಿನ್ನಿಸುತ್ತಾರಂತೆ ಎಂದು ಎದುರುಮನೆಯವರಿಗೂ ಕೂಗಿ ಹೇಳಿದರು. ಮಗಳು ದೊರೆಯನ್ನು ಎತ್ತಿ ಸೀಟಿನ ಮೇಲಿಟ್ಟು ಹೊರಟಳು.

ಡಾಕ್ಟರಮ್ಮನ ಕೋಣೆಯಲ್ಲಿ ಮೇಜೇ ಇರಲಿಲ್ಲ. ನೆಲಕ್ಕೆ ದಪ್ಪನೆಯ ಹಾಸು, ಗೋಡೆಗೆ ಒರಗಲು ಒಂದು ದಿಂಬು. ಆಕೆ ಕ್ಲಚ್ಚಕ್ಕನಿಗಿಂತ ಚಿಕ್ಕವಳು. ಚಪ್ಪಲಿ ಬಿಟ್ಟು ನೆಲಕ್ಕೆ ಕೂತು ಬಹಳ ಹೊತ್ತು ನಾಯಿಯನ್ನು ಮುಟ್ಟಲೇ ಇಲ್ಲ. ಅವನೇ ಬಂದು ಮೂಸಿದ ಮೇಲೆ ನಾಲಿಗೆಯ ಬಣ್ಣ ನೋಡಿದಳು, ತೊಡೆಯ ಒಳಭಾಗಕ್ಕೆ ಬೆರಳಿಟ್ಟು ನಾಡಿ ಹಿಡಿದಳು, ಬೆನ್ನಗುಂಟ ಕೈಯಾಡಿಸಿ ಎಲ್ಲಿ ಚರ್ಮ ಅದುರುತ್ತದೆ ಎಂದು ಹುಡುಕಿದಳು. ಸೂಜಿಗಳು ಕೂದಲಿನಷ್ಟು ತೆಳು. ಮೊದಲನೆಯದು ನೆತ್ತಿಯ ಮೇಲೆ. ಆಮೇಲೆ ಸೊಂಟಕ್ಕೆ, ತೊಡೆಗೆ, ಹಿಂಗಾಲಿನ ಗಂಟಿಗೆ.

ಹುಚ್ಚುಹುಚ್ಚಾಗಿ ಕಾರು ಓಡಿಸುವವರ ಪಕ್ಕದಲ್ಲಿ ಅಲ್ಲಾಡದೆ ಕೂತು ಬಂದ ಹೆಂಗಸು ಪ್ರತಿ ಸೂಜಿಗೂ ಬಲಗಾಲನ್ನು ನೆಲಕ್ಕೆ ಒತ್ತುತ್ತಿದ್ದಳು, ಅಲ್ಲಿಯೂ ಒಂದು ಬ್ರೇಕ್ ಇರುವಂತೆ. ದೊರೆ ಮಾತ್ರ ಸೊಂಟದ ಸೂಜಿಗೆ ಒಮ್ಮೆ ತಿರುಗಿ ನೋಡಿದ. ಆಮೇಲೆ ಗಲ್ಲವನ್ನು ಅವಳ ಮಡಿಲಿಗೆ ಊರಿ, ತುಟಿ ಸಡಿಲಿಸಿ ಗೊರಕೆ ಹೊಡೆಯತೊಡಗಿದ.

ಡಾಕ್ಟರಮ್ಮ ಮೊದಲೇ ಎಲ್ಲ ಬಿಡಿಸಿ ಹೇಳಿದ್ದಳು. ಸವೆದ ಕೀಲು ಮತ್ತೆ ಬೆಳೆಯುವುದಿಲ್ಲ, ಮೂತ್ರಪಿಂಡಕ್ಕೆ ಇದು ಮದ್ದಲ್ಲ, ಅದಕ್ಕೆ ಮೊದಲಿನ ಡಾಕ್ಟರು ಹೇಳಿದ ಪಥ್ಯ ಬಿಡಬಾರದು. ನೋವು ಕಡಿಮೆಯಾಗಬಹುದು, ಆಗದೆಯೂ ಇರಬಹುದು. ಪುಡಿಯ ಪೊಟ್ಟಣ ಕೊಡುವಾಗಲೂ ಅದೇ ಮಾತು: ಅವನ ರಕ್ತದ ವರದಿ ನೋಡಿಯೇ ಆರಿಸಿದ್ದೇನೆ, ಮೈಗೆ ಒಗ್ಗದಿದ್ದರೆ ತಕ್ಷಣ ನಿಲ್ಲಿಸಿ.

ಮೈಗೆ ಒಗ್ಗುವುದು ಆಮೇಲಿನ ಮಾತು, ಬಾಯಿಗೇ ಒಗ್ಗಲಿಲ್ಲ. ಆ ಪುಡಿಗೆ ಮರದ ತೊಗಟೆ, ಹಳೆಯ ಬಟ್ಟೆ ಬೀರು, ನೆನೆದ ಮಣ್ಣು ಎಲ್ಲ ಸೇರಿದ ವಾಸನೆ. ಮೊಟ್ಟೆಯಲ್ಲಿ ಬೆರೆಸಿದರೆ ದೊರೆ ಮೊಟ್ಟೆಯನ್ನೇ ಬಿಟ್ಟ. ಬೇಯಿಸಿದ ಕುಂಬಳಕಾಯಿಯಲ್ಲಿ ಉಂಡೆ ಕಟ್ಟಿದರೆ ಉಂಡೆಯನ್ನು ಅಡ್ಡಗೋಡೆಯ ಪಕ್ಕ ಉರುಳಿಸಿ ಬಂದ. ಇದನ್ನೆಲ್ಲ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಅಪ್ಪ, ನಾಯಿಗಿರುವ ಬುದ್ಧಿ ಮನುಷ್ಯರಿಗಿಲ್ಲ ಎಂದರು. ಆದರೂ ಕಾಂಪೌಂಡರ್ ಕೈ ಸುಮ್ಮನಿರಬೇಕಲ್ಲ. ಅದೆಷ್ಟು ಜನಕ್ಕೆ ಕಹಿ ಔಷಧಿ ಕುಡಿಸಿದ್ದೇನೆ, ಕೊಡು ಇಲ್ಲಿ ಎಂದು ಪುಡಿಯನ್ನು ನೀರಲ್ಲಿ ಕದಡಿ, ದೊರೆಯ ದವಡೆ ಅಗಲಿಸಿ ಕೆನ್ನೆಯೊಳಗೆ ಸುರಿದರು. ದೊರೆ ಗೌರವದಿಂದ ಬಾಯಿ ಮುಚ್ಚಿಕೊಂಡ, ಗೌರವದಿಂದಲೇ ಅದಷ್ಟನ್ನೂ ಅವರ ಪಂಚೆಯ ಮೇಲೆ ಬಿಟ್ಟ.

ದಾರಿ ತೋರಿಸಿದ್ದು ದೊರೆಯ ಹೊಟ್ಟೆಬಾಕತನ. ಒಂದು ಸಂಜೆ ಅವನಿಗೆಂದು ಕಲಸಿಟ್ಟ ಬಟ್ಟಲು ಅಪ್ಪನ ತೊಡೆಯ ಮೇಲೆ ಇತ್ತು. ದೊರೆ ಅದನ್ನು ಅವರ ಊಟ ಎಂದುಕೊಂಡು ಎದುರಿಗೆ ಬಂದು ಕೂತ, ಜೊಲ್ಲು ಸುರಿಸಿದ. ಮುದುಕರಿಗೆ ಥಟ್ಟನೆ ಹೊಳೆಯಿತು. ಚಮಚ ತುಟಿಯ ಹತ್ತಿರ ತಂದು, ಕಣ್ಣು ಮುಚ್ಚಿ, "ಆಹಾ, ಏನು ರುಚಿ" ಎಂದು ಚಪ್ಪರಿಸಿದರು. ಆಮೇಲೆ ತುಂಬ ಜಿಪುಣತನದಿಂದ ಒಂದು ಚೂರು ಕೊಟ್ಟರು. ದೊರೆ ನುಂಗಿದ, ಇನ್ನೂ ಬೇಕೆಂದ. ಅಲ್ಲಿಂದಾಚೆ ದಿನಕ್ಕೆರಡು ಬಾರಿ ಈ ನಾಟಕ. ಚೀನಾದ ಬೇರು ನಾರನ್ನು ಬೈಯುತ್ತಿದ್ದವರೇ ಅದನ್ನು ಬಾಯಿ ತುಂಬ ಹೊಗಳಬೇಕಾಯಿತು. ಮಗಳು ನಗುವುದು ಕಾಣಬಾರದೆಂದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಇಷ್ಟಾದರೂ ದೊರೆಯ ಕಾಲು ಸುಧಾರಿಸಲಿಲ್ಲ. ಒಂದು ಸಲ ಸೂಜಿ ಹಾಕಿಸಿದ ಮಾರನೆಯ ದಿನ ಅವನು ಇನ್ನೂ ಮಂಕಾಗಿ ಮಲಗಿದ. ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದು ಏಳಲಾರದೆ, ಯಾರನ್ನೂ ಕರೆಯದೆ ಅಲ್ಲೇ ಕೂತಿದ್ದ. ಅವನನ್ನು ಎತ್ತಿಕೊಂಡ ಕ್ಲಚ್ಚಕ್ಕನಿಗೆ ತಾನು ಮಾಡುತ್ತಿರುವುದೆಲ್ಲ ತಪ್ಪು ಎನಿಸಿತು. ಮುಂದಿನ ಸಲ ಹಾಸಿನ ಮೇಲೆ ಕೂತವಳೇ ಕೇಳಿಬಿಟ್ಟಳು.

"ಡಾಕ್ಟ್ರೇ, ಇದನ್ನ ನಾನು ಅವನಿಗೋಸ್ಕರ ಮಾಡಿಸ್ತಿದೀನಾ, ನನಗೋಸ್ಕರ ಮಾಡಿಸ್ತಿದೀನಾ?"

ಡಾಕ್ಟರಮ್ಮ ಕೈಯಲ್ಲಿದ್ದ ಸೂಜಿ ಕೆಳಗಿಟ್ಟಳು. "ಎರಡೂ ಇರುತ್ತೆ ಅಕ್ಕ. ಬಿಡಿಸಿ ನೋಡೋಕೆ ನನಗೂ ಬರಲ್ಲ. ಊಟದ ಹೊತ್ತಿಗೆ ಕಾಯ್ತಾನಾ?"

"ಕಾಯ್ತಾನೆ. ನಮ್ಮಪ್ಪನ ಬಟ್ಟಲಿಗೆ."

"ನೀವು ಒಳಗೆ ಬಂದ್ರೆ?"

"ಬಾಲ ಬಡೀತಾನೆ. ಏಳೋಕಾಗಲ್ಲ, ಮಲಗಿದಲ್ಲೇ ಬಡೀತಾನೆ."

"ಹಾಗಿದ್ರೆ ಇನ್ನೂ ಸ್ವಲ್ಪ ದಿನ ನೋಡೋಣ. ಪ್ರಯೋಜನ ಇಲ್ಲ ಅನ್ನಿಸಿದ ದಿನ ನಾನೇ ಹೇಳ್ತೀನಿ, ನೀವು ಕೇಳೋವರೆಗೂ ಕಾಯಲ್ಲ."

ಆ ಸಂಜೆ ಆಸ್ಪತ್ರೆ ಬಾಗಿಲು ಹಾಕುವ ಹೊತ್ತಿಗೆ ಡಾಕ್ಟರಮ್ಮ ಬಸ್ ನಿಲ್ದಾಣದಲ್ಲಿ ಒಬ್ಬಳೇ ನಿಂತಿದ್ದಳು. ಕ್ಲಚ್ಚಕ್ಕ ಕಾರು ನಿಲ್ಲಿಸಿ ಹತ್ತಿಸಿಕೊಂಡಳು. ಎರಡು ಬಸ್ ಬದಲಿಸಿ ಬಂದು ಹೋಗುತ್ತಾಳೆ, ಕಾರು ಓಡಿಸುವುದೆಂದರೆ ಕೈಕಾಲು ತಣ್ಣಗಾಗುತ್ತದೆ ಎಂದು ದಾರಿಯಲ್ಲಿ ತಿಳಿಯಿತು. ಆ ಮಾತು ಕ್ಲಚ್ಚಕ್ಕನಿಗೆ ಅವಮಾನದಂತೆ ಕೇಳಿಸಿತು. ಮುಂದಿನ ವಾರದಿಂದ ಚಿಕಿತ್ಸೆ ಮುಗಿದ ಮೇಲೆ ಪಾಠ. ಅಷ್ಟು ಸಣ್ಣ ಸೂಜಿಯನ್ನು ಅಲುಗಾಡದೆ ಹಿಡಿಯುವ ಕೈ ಸ್ಟೇರಿಂಗ್ ಮೇಲೆ ಗಡಗಡ ನಡುಗುತ್ತಿತ್ತು. ಹಿಂದಿನಿಂದ ದೊರೆ ತನ್ನ ವೈದ್ಯೆಗೂ ರಿಯಾಯಿತಿ ತೋರಿಸದೆ ನಿಟ್ಟುಸಿರು ಬಿಡುತ್ತಿದ್ದ.

ಚೇತರಿಕೆ ಯಾವ ದಿನ ಶುರುವಾಯಿತೋ ಗೊತ್ತಿಲ್ಲ. ಗೊತ್ತಾದದ್ದು ಒಂದು ಮಳೆಯ ಬೆಳಿಗ್ಗೆ. ಅಂಗಳದಿಂದ ಒಳಗೆ ಬಂದ ದೊರೆ ಬಾಗಿಲಲ್ಲಿ ನಿಂತು, ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ಮೈ ಕೊಡವಿದ. ಹಾಗೆ ಕೊಡವಲು ನಾಲ್ಕು ಕಾಲೂ ನೆಲ ಹಿಡಿಯಬೇಕು. ಎಷ್ಟೋ ತಿಂಗಳಿಂದ ಅವನು ಅದನ್ನು ಬಿಟ್ಟೇಬಿಟ್ಟಿದ್ದ, ಒದ್ದೆ ಮೈಯಲ್ಲೇ ಒಂದೆಡೆ ಹೋಗಿ ಬೀಳುತ್ತಿದ್ದ. ಈಗ ಗೋಡೆಯ ರಸ್ತೆ ಚಿಹ್ನೆಗಳ ಮೇಲೆಲ್ಲ ನೀರು ಹಾರಿಸಿ, ಬೀಳದೆ ನಿಂತು, ಮುಂದೇನು ಎಂಬಂತೆ ನೋಡಿದ.

"ಅಪ್ಪಾ, ನೋಡಿದ್ರಾ?" ಎಂದಳು ಕ್ಲಚ್ಚಕ್ಕ.

ಅಪ್ಪ ಮುಖದ ಮೇಲಿನ ನೀರು ಒರೆಸಿಕೊಂಡರು. "ನಾನು ತಿಂದು ತಿಂದು ತೋರಿಸಿದ್ದಕ್ಕೆ ಅಷ್ಟಾದರೂ ಆಗಬೇಡ್ವಾ" ಎಂದರು.

ಅವನು ಮತ್ತೆ ಮರಿಯಾಗಲಿಲ್ಲ. ಅವನು ಕಾರು ಹತ್ತಲೆಂದು ಕ್ಲಚ್ಚಕ್ಕ ಬಡಗಿಯಿಂದ ಇಳಿಜಾರು ಹಲಗೆಯೊಂದನ್ನು ಮಾಡಿಸಿದಳು, ಅದಕ್ಕೆ ಹಳೆಯ ಕಂಬಳಿ ಹೊದಿಸಿದಳು. ದೊರೆ ಬೀದಿಯ ತುದಿಯವರೆಗೆ ನಡೆದು, ಅಲ್ಲಿ ಕೂತು, ಬರುವವರನ್ನೆಲ್ಲ ವಿಚಾರಿಸಿಕೊಂಡು ಹಿಂದಿರುಗುತ್ತಿದ್ದ. ಕೆಲವು ವಾರ ಚೆನ್ನಾಗಿರುತ್ತಿದ್ದ, ಚಳಿ ಬಿದ್ದರೆ ಮತ್ತೆ ಕಾಲೆಳೆಯುತ್ತಿದ್ದ. ಸೂಜಿಯಿಂದಲೋ, ಪುಡಿಯಿಂದಲೋ, ಮೈ ತೂಕ ಇಳಿದದ್ದರಿಂದಲೋ, ದಿನಾ ಕಾಲು ನೀವಿದ್ದರಿಂದಲೋ ಎಂದು ಕೇಳಿದರೆ, ಒಂದಕ್ಕೇ ಹೆಸರು ಕೊಡಲು ತನಗೆ ಧೈರ್ಯವಿಲ್ಲ ಎಂದು ಡಾಕ್ಟರಮ್ಮ ಹೇಳುತ್ತಿದ್ದಳು. ಅಪ್ಪ ಮಾತ್ರ ಒಂದು ದಿನ ಯಾರೂ ಇಲ್ಲದಾಗ, ಮನುಷ್ಯರ ಮಂಡಿಗೂ ಸೂಜಿ ಹಾಕುವವರು ಯಾರಾದರೂ ಇದ್ದಾರಾ ಎಂದು ಪಾಠದ ಬಳಿಕ ಮನೆಗೆ ಬಂದಿದ್ದ ಡಾಕ್ಟರಮ್ಮನನ್ನು ಮೆಲ್ಲಗೆ ವಿಚಾರಿಸಿದರು.

ಹೀಗೆ ಒಂದೂವರೆ ವರ್ಷ ನಡೆಯಿತು. ಕೊನೆಗೆ ಸೋತದ್ದು ಕಾಲಲ್ಲ, ಮೂತ್ರಪಿಂಡ. ಒಂದು ಬೆಳಿಗ್ಗೆ ಅಪ್ಪ ಎಷ್ಟು ಚಪ್ಪರಿಸಿದರೂ ದೊರೆ ತಲೆ ಎತ್ತಲಿಲ್ಲ. ಬಾಗಿಲಲ್ಲಿ ನಿಂತ ಕ್ಲಚ್ಚಕ್ಕನನ್ನು ನೋಡಿದ, ಬಾಲ ಬಡಿಯಲಿಲ್ಲ. ಡಾಕ್ಟರಮ್ಮನಿಗೆ ಫೋನು ಮಾಡಿದ್ದು ಅಪ್ಪ. ಅವನನ್ನು ಆಸ್ಪತ್ರೆಗೆ ಹೊತ್ತು ತರುವುದು ಬೇಡ, ನಾನೇ ಬರುತ್ತೇನೆ ಎಂದಳು ಆಕೆ.

ಬಂದದ್ದು ಬಸ್ಸಿನಲ್ಲಲ್ಲ. ಲೈಸೆನ್ಸ್ ಸಿಕ್ಕಿ ಎಷ್ಟೋ ದಿನವಾಗಿದ್ದರೂ ಪಕ್ಕದಲ್ಲಿ ಕ್ಲಚ್ಚಕ್ಕ ಇಲ್ಲದೆ ಒಮ್ಮೆಯೂ ಓಡಿಸಿರದವಳು, ತನ್ನ ಅಣ್ಣನ ಕಾರು ತೆಗೆದುಕೊಂಡು ಊರಿನ ಆ ತುದಿಯಿಂದ ಒಬ್ಬಳೇ ಬಂದಿದ್ದಳು. ಬಿಳಿಚಿದ ಮುಖ, ಕುತ್ತಿಗೆಯೆಲ್ಲ ಬೆವರು. ಅವತ್ತು ಅಕ್ಯುಪಂಕ್ಚರ್ ಸೂಜಿಯ ಡಬ್ಬಿ ತೆರೆಯಲಿಲ್ಲ. ಮೂವರೂ ನೆಲದ ಮೇಲೆ ಕೂತರು, ಅಪ್ಪನೂ ಮಂಡಿ ಹಿಡಿದುಕೊಂಡು ಹೇಗೋ ಇಳಿದು ಕೂತರು. ದೊರೆಯ ಗಲ್ಲ ಕ್ಲಚ್ಚಕ್ಕನ ಮಡಿಲಲ್ಲಿತ್ತು. ನೋವಿಲ್ಲದೆ ಕಣ್ಣು ಮುಚ್ಚಿಸುವ ಕೊನೆಯ ಇಂಜೆಕ್ಷನ್ ಕೊಡುವಾಗ ಡಾಕ್ಟರಮ್ಮನ ಕೈ ನಡುಗಲಿಲ್ಲ. ಕೊಟ್ಟಾದ ಮೇಲೆ ಅಪ್ಪ ಆ ಕೈಯನ್ನು ಹಿಡಿದುಕೊಂಡರು.

ಎಷ್ಟೋ ಹೊತ್ತಿನ ಮೇಲೆ ಕ್ಲಚ್ಚಕ್ಕ ಹೊರಗೆ ಬಂದಳು. ಅಣ್ಣನ ಕಾರು ಬೀದಿಗೆ ಅಡ್ಡಡ್ಡವಾಗಿ, ಒಂದು ಚಕ್ರ ಫುಟ್‌ಪಾತಿನ ಮೇಲೆ ಹತ್ತಿಕೊಂಡು ನಿಂತಿತ್ತು. ಹಿಂದೆಯೇ ಬಂದ ಡಾಕ್ಟರಮ್ಮ ತಪ್ಪಿತಸ್ಥಳಂತೆ ಕೀ ಮುಂದೆ ಚಾಚಿದಳು, ನೀವೇ ಸರಿಯಾಗಿ ನಿಲ್ಲಿಸಿಬಿಡಿ ಎಂದಳು.

ಕ್ಲಚ್ಚಕ್ಕ ಕೀ ತೆಗೆದುಕೊಳ್ಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಕಾರಿನ ಆ ಕಡೆಗೆ ಹೋಗಿ, ಪಕ್ಕದ ಸೀಟಿನ ಬಾಗಿಲು ತೆಗೆದು ಕೂತಳು.