ಮುಯ್ಯಿಗೆ ಹೋದ ಬಣ್ಣದ ದುಡ್ಡು

ಶನಿವಾರ ಬಂತೆಂದರೆ ನಾಚಿಮುತ್ತು ತಾರಸಿ ಹತ್ತಿ ನೀರಿನ ಟ್ಯಾಂಕಿನ ನೆರಳಲ್ಲಿ ಕೂತುಬಿಡುತ್ತಿದ್ದ. ಹೆಂಡತಿ ತುಳಸಿಮಣಿ ಬಾಗಿಲಲ್ಲಿ ನಿಂತು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಅವರು ಈರೋಡಿಗೆ ಹೋದ್ರಲ್ಲ, ನಿಮಗೆ ಫೋನ್ ಮಾಡಲಿಲ್ವಾ?" ಎಂದು ಕೇಳುತ್ತಿದ್ದಳು. ಬಾಕಿ ಕೇಳಲು ಬಂದವರಿಗೆ ಅದು ಸುಳ್ಳೆಂದು ಗೊತ್ತು. ನಾಚಿಮುತ್ತುವಿನ ಚಪ್ಪಲಿ ಅವರ ಕಾಲಬುಡದಲ್ಲೇ ಬಿದ್ದಿರುತ್ತಿತ್ತು. ಆದರೂ ಅವರು ಒಳಗೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ತುಳಸಿ ಕಾಫಿಗೆ ಹಾಲಿಡುತ್ತಿದ್ದಳು.

ತಿರುಪ್ಪೂರಿನ ಆ ಬೀದಿಯಲ್ಲಿ ಎಲ್ಲ ಮನೆಗಳದ್ದೂ ಒಂದೇ ಕಥೆ. ಕೆಳಗೆ ಬನಿಯನ್ ಕಂಪನಿ, ಮೇಲೆ ಸಂಸಾರ. ನಾಚಿಮುತ್ತುವಿನದು ಹದಿನಾಲ್ಕು ಮಿಷನ್ನುಗಳ ಕಂಪನಿ. ನೂಲು ತಂದು ಒಂದು ಕಡೆ ಬಟ್ಟೆ ಹೆಣೆಸಬೇಕು, ಇನ್ನೊಂದು ಕಡೆ ಬಣ್ಣ ಹಾಕಿಸಬೇಕು, ಕತ್ತರಿಸಿ ಹೊಲಿಸಿ ದಾರ ಕತ್ತರಿಸಲು ಮತ್ತೊಂದು ಕಡೆ ಕಳಿಸಬೇಕು. ಲೇಬಲ್ಲಿನವನು ಬೇರೆ, ರಟ್ಟಿನ ಪೆಟ್ಟಿಗೆಯವನು ಬೇರೆ. ಶನಿವಾರ ಟೈಲರುಗಳ ಬಟವಾಡೆಯ ದಿನ, ಮನೆಯಲ್ಲಿ ರೊಕ್ಕ ಇರುತ್ತದೆಂದು ಇವರೆಲ್ಲ ಅಂದೇ ಬರುತ್ತಿದ್ದರು.

ಬರಿಗೈಲಿ ಕಳಿಸುವವರನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದು. ಇದು ತುಳಸಿಗೆ ಅತ್ತೆ ಹೇಳಿಕೊಟ್ಟ ಪಾಠ. ಹತ್ತು ಗಂಟೆಯವರಿಗೆ ಕಾಫಿ, ಮಧ್ಯಾಹ್ನ ದಾಟಿಸಿ ಕೂತವರಿಗೆ ಅಕ್ಕಿಬೇಳೆ ಅನ್ನ, ಮೇಲೊಂದು ಚಮಚ ತುಪ್ಪ, ಹುರುಳಿ ರಸ. ಉಂಡವನಿಗೆ ಗಂಟಲೆತ್ತಿ ಕೂಗಲು ನಾಚಿಕೆಯಾಗುತ್ತದೆ. ಕಂಪನಿ ಸಾಲದ ಮೇಲೆ ನಡೆಯುತ್ತಿತ್ತು, ಸಾಲ ತುಳಸಿಯ ಒಲೆಯ ಮೇಲೆ ನಡೆಯುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳೂ ಹಿಡಿದಿರಲಿಲ್ಲ, ಮಂಡಿಗಳು ಹಿಡಿದುಕೊಳ್ಳುವವರೆಗೆ.

ಕೊನೆಗೆ ದುಡ್ಡು ಸಿಗುತ್ತಿದ್ದದ್ದು ಯಾರಿಗೆ? ಕಾರಿನಲ್ಲಿ ಬಂದವರಿಗೆ, ನೆಂಟರಿಗೆ, ಜೋರು ಬಾಯಿಯವರಿಗೆ. ದಾರಿಯಲ್ಲಿ ಸಿಕ್ಕವರ ಕೈಗೆ ನಾಚಿಮುತ್ತು ಜೇಬಿನಲ್ಲಿದ್ದದ್ದನ್ನು ತುರುಕಿ ಬರುತ್ತಿದ್ದ. ಮನೆಗೆ ಬಂದು ಹೇಳಲು ಮರೆಯುತ್ತಿದ್ದ. ತುಳಸಿ ಅದೇ ಬಿಲ್ಲಿಗೆ ಮತ್ತೆ ಚೆಕ್ಕು ಕಳಿಸುತ್ತಿದ್ದಳು. ತಿಳಿದಾಗ, "ಕೊಟ್ಟಿದ್ದು ಎಲ್ಲಿ ಹೋಗುತ್ತೆ ಬಿಡು ಅಮ್ಮಣಿ, ಮುಂದಿನ ಬಿಲ್ಲಲ್ಲಿ ಕಳೀತಾರೆ" ಎನ್ನುತ್ತಿದ್ದ. ಕೆಲವರು ಕಳೆಯುತ್ತಿದ್ದರು, ಕೆಲವರು ಮರೆಯುತ್ತಿದ್ದರು.

ರಾಜಾತಿ ಮಾತ್ರ ಮೆಟ್ಟಿಲ ಬಳಿಯೇ ನಿಲ್ಲುತ್ತಿದ್ದಳು. ಹೊಲಿದ ಬನಿಯನ್ನುಗಳ ಉಳಿಕೆ ದಾರ ಕತ್ತರಿಸುವ ಕೆಲಸ ಅವಳದು. ಮನೆಯ ಜಗಲಿಯಲ್ಲಿ ನಾಲ್ಕು ಹೆಂಗಸರನ್ನು ಕೂರಿಸಿಕೊಂಡು ಡಜನ್ ಲೆಕ್ಕದಲ್ಲಿ ಮಾಡಿಕೊಡುತ್ತಿದ್ದಳು. ಎಲ್ಲರಿಗಿಂತ ಸಣ್ಣ ಬಿಲ್ಲು, ಎಲ್ಲರಿಗಿಂತ ಕೊನೆಗೆ.

"ಈರೋಡಿಗಾ ಅಕ್ಕಾ?" ಎಂದು ಅವಳೇ ಮೊದಲು ಕೇಳುತ್ತಿದ್ದಳು. "ನಾನೂ ಒಂದು ಕಾರು ತಗೊಂಡು ಬಂದ್ರೆ ಯಜಮಾನ್ರು ಬೇಗ ವಾಪಸ್ ಬರ್ತಾರೇನೋ."

"ಸುಮ್ನಿರೆ, ಕಾಫಿ ಕುಡಿ."

"ನನ್ನ ಜೊತೆ ನಾಲ್ಕು ಜನ ಕಾಯ್ತಾವ್ರೆ ಅಕ್ಕಾ. ಫ್ಲಾಸ್ಕ್ ತರ್ಲಾ?"

ಹಾಗಿರುವಾಗ ಸೆಂಗೋಟುವೇಲುವಿನ ಮಗಳ ಮದುವೆ ಬಂತು. ಸೆಂಗೋಟುವೇಲು ನಾಚಿಮುತ್ತುವಿನ ದೊಡ್ಡಪ್ಪನ ಮಗ, ಇವರ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಫ್ಯಾಕ್ಟರಿಯ ಯಜಮಾನ. ಅವನಿಗೆ ಎಪ್ಪತ್ತೈದು ಸಾವಿರದ ಬಿಲ್ಲು ಬಾಕಿಯಿತ್ತು. ಮಂಡಿನೋವಿನ ತುಳಸಿಯನ್ನು ಮನೆಯಲ್ಲಿ ಬಿಟ್ಟು, ನಾಚಿಮುತ್ತು ಆ ದುಡ್ಡನ್ನು ಕವರಿನಲ್ಲಿ ಹಾಕಿಕೊಂಡೇ ಮದುವೆಗೆ ಹೋದ. ಮಂಟಪದಲ್ಲಿ ಅಣ್ಣನ ಹತ್ತಿರ ಸುಳಿಯಲೂ ಆಗದಷ್ಟು ಜನ. ಮುಯ್ಯಿ ಬರೆಯುವ ಮೇಜಿನಲ್ಲಿ ಅಣ್ಣನ ಭಾವಮೈದನೇ ಕೂತಿದ್ದ. ಇವನ ಕೈಗೆ ಕೊಟ್ಟರೂ ಅಣ್ಣನಿಗೆ ಸೇರುತ್ತದಲ್ಲ ಎಂದು ನಾಚಿಮುತ್ತು ಕವರನ್ನು ಅಲ್ಲಿಟ್ಟ. ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಮೈಕು ಕೂಗಿತ್ತು: "ಬನಿಯನ್ ಕಂಪನಿ ನಾಚಿಮುತ್ತು, ಎಪ್ಪತ್ತೈದು ಸಾವಿರ!"

ಊಟದ ಪಂಕ್ತಿಯಲ್ಲಿದ್ದವರೂ ತಿರುಗಿ ನೋಡಿದರು. ಯಾರೋ ಬೆನ್ನು ತಟ್ಟಿದರು. ಒಬ್ಬ ಹಿರಿಯ, "ಪಂಗಾಳಿ ಅಂದ್ರೆ, ದಾಯಾದಿ ಅಂದ್ರೆ ಹೀಗಿರ್ಬೇಕು ನೋಡ್ರೋ" ಎಂದ. ಅಲ್ಲಿ ನಿಂತು, ಇದು ಮುಯ್ಯಲ್ಲ, ಬಣ್ಣದ ಬಾಕಿ ಎಂದು ಹೇಳುವುದು ಹೇಗೆ? ನಾಚಿಮುತ್ತು ಎದೆ ಉಬ್ಬಿಸಿಕೊಂಡು ಹೋಗಿ ಎಲೆಯ ಮುಂದೆ ಕೂತ. ಮನೆಗೆ ಬಂದು ಹೆಂಡತಿಗೆ ಏನೂ ಹೇಳಲಿಲ್ಲ.

ತಿಂಗಳ ಮೇಲೆ ಕೆಳಗಿನ ಮಿಷನ್ನುಗಳ ಸದ್ದು ನಿಂತಿತು. ಹೊಲಿಯಲು ಬಟ್ಟೆಯಿರಲಿಲ್ಲ. ಬಣ್ಣ ಹಾಕಿದ ಬಟ್ಟೆ ಸೆಂಗೋಟುವೇಲುವಿನ ಗೋಡೌನಿನಲ್ಲಿತ್ತು, ಹಳೆಯ ಬಿಲ್ಲು ತೀರದೆ ಬಿಡುವುದಿಲ್ಲವಂತೆ. ಕೇಳಿದರೆ ನಾಚಿಮುತ್ತು, ಮದುವೆಯಲ್ಲೇ ಕೊಟ್ಟೆ ಎಂದಷ್ಟೇ ಹೇಳಿದ. ತುಳಸಿ ಫೋನ್ ಮಾಡಿದಳು.

"ಭಾವ, ನಿಮ್ಮ ತಮ್ಮ ಕೊಟ್ಟಿದೀನಿ ಅಂತಾರಲ್ಲ?"

"ಕೊಟ್ಟಿದಾನಮ್ಮ, ಇಲ್ಲ ಅಂದೋರ್ಯಾರು? ಮುಯ್ಯಿ ಕೊಟ್ಟ. ಊರೆಲ್ಲ ಕೇಳ್ತು. ಬಿಲ್ಲು ಬಿಲ್ಲೇ, ಮುಯ್ಯಿ ಮುಯ್ಯೇ. ನಿಮ್ಮನೇಲಿ ಒಂದು ಶುಭಕಾರ್ಯ ಮಾಡಿ. ಐದು ಸಾವಿರ ಮೇಲಿಟ್ಟು ನಾನೇ ಬಂದು ಓದಿಸ್ತೀನಿ. ಈಗ ವಾಪಸ್ ಕೊಟ್ರೆ ನಿಮಗೇ ಅವಮಾನ ಅಲ್ವಾ?"

ಅವನ ಮಾತಿನಲ್ಲಿ ತಪ್ಪು ಹುಡುಕಲಾಗದು. ಕೊಟ್ಟ ಮುಯ್ಯಿಯನ್ನು ಬಾಯಿಬಿಟ್ಟು ಕೇಳಿದವರ ಮನೆಗೆ ಆ ಕಡೆ ಹೆಣ್ಣನ್ನೂ ಕೊಡುವುದಿಲ್ಲ.

ನಾಚಿಮುತ್ತುವಿಗೆ ಇದರಲ್ಲೂ ಒಂದು ದಾರಿ ಕಂಡಿತು. ಊಟ ಮಾಡುತ್ತಾ ಹೇಳಿದ: "ಮೊಮ್ಮಗನಿಗೆ ಕಿವಿ ಚುಚ್ಚಿಸಿಲ್ಲ. ಮಾಡೇಬಿಡೋಣ. ಅಣ್ಣಂದೊಂದೇ ಅಲ್ಲ ಅಮ್ಮಣಿ, ನಾವು ಓದಿಸಿರೋದೆಲ್ಲ ವಾಪಸ್ ಬರುತ್ತೆ. ನಾನೂರು ಜನ, ಮನೆ ಮುಂದೆ ಶಾಮಿಯಾನ. ಅಡುಗೆಗೆ ಹೊರಗಿನವರು ಯಾಕೆ, ನೀನಿದೀಯ, ನಿನ್ನ ನಾದಿನಿಯರಿದಾರೆ..."

ತುಳಸಿ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ನಾನೂರು ಜನ. ಮಗಳ ಮದುವೆಯ ಹಿಂದಿನ ದಿನ ಕೂತು ತೆಂಗಿನಕಾಯಿ ತುರಿದವಳು ಏಳಲಾಗದೆ ಗೋಡೆ ಹಿಡಿದು ನಿಂತದ್ದು ನೆನಪಾಯಿತು. ಇವನು ಒಂದು ಮೇಜಿನ ಮುಂದೆ ಬಾಯಿ ಬಿಡದೆ ಹೋದದ್ದಕ್ಕೆ ತಾನು ನಾನೂರು ಎಲೆ ಹಾಕಬೇಕು.

"ನನ್ನಿಂದ ಆಗಲ್ಲ ಮಾಮ."

"ಆಗಲ್ಲ ಅಂದ್ರೆ?"

"ಆಗಲ್ಲ ಅಂದ್ರೆ ಆಗಲ್ಲ."

ಅವಳು ಜಗಳಕ್ಕೆ ನಿಂತಿದ್ದರೆ ಅವನೂ ಕೂಗುತ್ತಿದ್ದ. ಅವಳಲ್ಲಿ ಅಷ್ಟು ಕಸುವಿರಲಿಲ್ಲ. ಅಲ್ಲೇ ನೆಲಕ್ಕೆ ಕೂತಳು. ಅದನ್ನು ಕಂಡು ಅವನಿಗೆ ಹೆದರಿಕೆಯಾಯಿತು.

ಆ ಊರಲ್ಲಿ ಬಟ್ಟೆ ಕತ್ತರಿಸಿ ಉಳಿದ ಚಿಂದಿ ಮಾರಿದ ದುಡ್ಡು ಮನೆಯ ಹೆಂಗಸಿನದು. ತುಳಸಿ ಅದನ್ನು ಚೀಟಿಗೆ ಹಾಕುತ್ತಾ ಬಂದಿದ್ದಳು. ಅಡುಗೆಮನೆಯಲ್ಲಿ ನಿಂತು ಕೆಲಸ ಮಾಡುವ ಕಟ್ಟೆ ಕಟ್ಟಿಸಿ, ನೆಲದ ಮೇಲೆ ಕೂತು ಮಾಡುವ ಕೆಲಸಕ್ಕೆ ಮಂಗಳ ಹಾಡಬೇಕೆಂದಿದ್ದಳು. ಬೆಳಗ್ಗೆ, ಆ ಚೀಟಿ ಎತ್ತಿ ಬಣ್ಣದ ಬಿಲ್ಲು ತೀರಿಸುತ್ತೇನೆ ಎಂದಳು. "ಆದ್ರೆ ಕಿವಿ ಚುಚ್ಚೋ ಊಟ ಈ ಮನೇಲಿ ಇಲ್ಲ. ಚೆಕ್ ಬುಕ್ ನನ್ನ ಹತ್ರ ಇರುತ್ತೆ, ಇಬ್ಬರೂ ಸಹಿ ಹಾಕಬೇಕು. ದುಡ್ಡು ಕೊಡೋದು ಬುಧವಾರ ಮಾತ್ರ. ನಾವು ಇಷ್ಟು ಬೇಕು ಅಂತ ಬರೆದ ಚೀಟಿ, ಸರಕು ಬಂದಾಗ ಇಳಿಸಿಕೊಂಡ್ವಿ ಅಂತ ಕೊಟ್ಟ ಚೀಟಿ, ಅವರ ಬಿಲ್ಲು. ಮೂರೂ ಒಂದು ಪಿನ್ನಿನಲ್ಲಿ ಇಲ್ದಿದ್ರೆ ನಿನ್ನ ಅಣ್ಣ ಬಂದ್ರೂ ಇಲ್ಲ. ದಾರೀಲಿ, ಮದುವೇಲಿ, ಟೀ ಅಂಗಡೀಲಿ ಒಂದು ರೂಪಾಯೂ ಇಲ್ಲ. ಇನ್ನು ಮೇಲೆ ಬಾಗಿಲಲ್ಲಿ ನಿಂತು ಈರೋಡು ಅಂತ ನಾನು ಹೇಳಲ್ಲ."

"ಮೂವತ್ತು ವರ್ಷ ಆಯ್ತು, ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?"

"ನಂಬಿಕೆ ಇದೆ ಮಾಮ. ಮಂಡಿ ಇಲ್ಲ."

ಬಟ್ಟೆ ಬಂತು, ಮಿಷನ್ನುಗಳು ಕೂಗಿದವು. ಚೀಟಿಯ ದುಡ್ಡು ಹೋಯಿತು. ಅಡುಗೆಮನೆಯ ಕಟ್ಟೆ ಹಾಗೇ ಉಳಿಯಿತು.

ಶನಿವಾರ ಬಂದವರಿಗೆ ನಾಚಿಮುತ್ತುವೇ ಕೆಳಗಿಳಿದು, "ಬುಧವಾರ ಬನ್ನಿ, ಇಳಿಸಿಕೊಂಡ ಚೀಟಿ ತನ್ನಿ" ಎಂದು ಹೇಳಬೇಕಾಯಿತು. ಮೊದಲು ಮುಖ ತಗ್ಗಿಸಿ ಹೇಳುತ್ತಿದ್ದ, ಬರಬರುತ್ತಾ ತಾನೇ ಕಂಡುಹಿಡಿದ ಪದ್ಧತಿಯಂತೆ ಹೇಳತೊಡಗಿದ. ಲೇಬಲ್ಲಿನವನು ಒಂದೇ ಸರಕಿಗೆ ಎರಡು ಬಿಲ್ಲು ತಂದದ್ದು ಸಿಕ್ಕಿಬಿದ್ದ ಮೇಲಂತೂ, ನಾಚಿಮುತ್ತು ಲೆಕ್ಕದಲ್ಲಿ ಬಲು ಖಡಕ್ಕು ಎಂದು ಬೀದಿಯಲ್ಲಿ ಹೆಸರಾಯಿತು. ಮಂಗಳವಾರ ಪಾತ್ರೆ ತೊಳೆದಾದ ಮೇಲೆ ಕಾಗದ ಹರಡಿಕೊಂಡು ಕೂರುತ್ತಿದ್ದವಳು ತುಳಸಿ. ಸುಳ್ಳು ಹೇಳುವ ಕೆಲಸ ಹೋಯಿತು, ಅದರ ಜಾಗಕ್ಕೆ ಪಿನ್ನು ಚುಚ್ಚುವ ಕೆಲಸ ಬಂತು.

ರಾಜಾತಿಯ ಹೆಸರು ಈಗ ಪಟ್ಟಿಯ ತಲೆಯಲ್ಲಿತ್ತು. ಮೊದಲ ಬುಧವಾರ ಚೆಕ್ಕು ಕೊಟ್ಟಾಗ ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಕ್ಯಾಶ್ ಕೊಡಿ ಅಕ್ಕಾ. ಬ್ಯಾಂಕಿಗೆ ಬಿದ್ರೆ ಅದರ ವಾಸನೆ ನಮ್ಮ ಮನೆಯವನ ಮೂಗಿಗೇ ಮೊದಲು ಹೋಗೋದು. ಆಮೇಲೆ ಎಲ್ಲ ಬಾಟ್ಲಿಗೆ."

ಆ ಮಾತು ತುಳಸಿಗೆ ಹೊಳೆದೇ ಇರಲಿಲ್ಲ. ಅವಳಿಗೊಬ್ಬಳಿಗೆ ಮಾತ್ರ ಸಹಿ ಹಾಕಿಸಿಕೊಂಡು ನಗದು ಕೊಡುವುದೆಂದಾಯಿತು.

ದೀಪಾವಳಿ ಕಳೆದ ಮೇಲಿನ ಒಂದು ಬುಧವಾರ ಸೆಂಗೋಟುವೇಲು ತಾನೇ ಬಂದ. ಅವನ ಬಿಲ್ಲಿಗೆ ಸರಕು ಇಳಿಸಿಕೊಂಡ ಚೀಟಿ ಇರಲಿಲ್ಲ. ಮೊದಲಾಗಿದ್ದರೆ ಆ ಹೊತ್ತಿಗೆ ಅವನ ಮುಂದೆ ಲೋಟ ಇರುತ್ತಿತ್ತು. ಅವನು ಕುರ್ಚಿಗೆ ಒರಗಿ ಕಾಯ್ದ. ನಾಚಿಮುತ್ತು ಹೆಂಡತಿಯ ಕಡೆ ನೋಡಿದ, ಅಡುಗೆಮನೆಯ ಕಡೆ ನೋಡಿದ. ತುಳಸಿ ಕಾಲು ಚಾಚಿಕೊಂಡು ಪಿನ್ನುಗಳನ್ನು ಡಬ್ಬಿಗೆ ತುಂಬುತ್ತಿದ್ದಳು.

"ಏನಮ್ಮ, ನಿಮ್ಮನೇಲಿ ಕಾಫಿಗೂ ಮೂರು ಚೀಟಿ ಬೇಕೇನು?" ಎಂದ ಸೆಂಗೋಟುವೇಲು.

"ಕೇಳಿದವರೇ ಮಾಡಿಕೊಂಡ್ರೆ ಯಾವ ಚೀಟಿಯೂ ಬೇಡ ಭಾವ."

ನಾಚಿಮುತ್ತು ಎದ್ದು ಒಳಗೆ ಹೋದ. ಪಾತ್ರೆಗಳು ಒಂದಕ್ಕೊಂದು ಬಡಿದ ಸದ್ದು ಬಂತು. ಆಮೇಲೆ ಅವನ ದನಿ: "ಅಮ್ಮಣಿ, ಸಕ್ಕರೆ ಎಲ್ಲಿರುತ್ತೆ?"

"ಎಲ್ಲಿರುತ್ತೋ ಅಲ್ಲೇ."

ಸೆಂಗೋಟುವೇಲು ಕಿಟಕಿಯ ಕಡೆ ಮುಖ ತಿರುಗಿಸಿದ. "ಕಿವಿ ಚುಚ್ಚೋದು ಯಾವಾಗ?" ಎಂದು ಮೆಲ್ಲಗೆ ಕೇಳಿದ. "ನಾನೂ ಆ ಋಣ ಇಟ್ಕೊಂಡು ಎಷ್ಟು ದಿನ ಇರ್ಲಿ."

"ಮಗಳ ಊರಲ್ಲಿ, ದೇವಸ್ಥಾನದಲ್ಲಿ ಚುಚ್ಚಿಸಿ ಆಯ್ತು ಭಾವ. ಹತ್ತು ಜನ ಇದ್ವಿ. ಅಲ್ಲಿ ಮುಯ್ಯಿ ಮೇಜು ಹಾಕಿರಲಿಲ್ಲ."

ಎಪ್ಪತ್ತೈದು ಸಾವಿರ ಇನ್ನು ಬರುವುದು ಯಾವ ಕಾಲಕ್ಕೋ. ಕಿವಿ ಚುಚ್ಚಿಸಿದ್ದನ್ನು ಹೇಳುವಾಗ ಅವಳ ದನಿಯಲ್ಲಿ ಗೆಲುವೂ ಇರಲಿಲ್ಲ, ನೋವೂ ಇರಲಿಲ್ಲ. ನಾಚಿಮುತ್ತು ತಂದ ಕಾಫಿಯಲ್ಲಿ ಸಕ್ಕರೆ ಇರಲಿಲ್ಲ. ಇಬ್ಬರು ಗಂಡಸರೂ ಅದನ್ನೇ ಕುಡಿದರು. ಸೆಂಗೋಟುವೇಲು, ಚೀಟಿ ತರುತ್ತೇನೆಂದು ಹೇಳಿ ಹೋದ.

ತುಳಸಿ ಅಡುಗೆಮನೆಗೆ ಬಂದು ನೋಡಿದರೆ ಹಾಲು ಉಕ್ಕಿ ಒಲೆಯ ಕೆಳಗೆಲ್ಲ ಹರಿದು ಅಂಟುಗಟ್ಟುತ್ತಿತ್ತು. ಒರೆಸುವ ಬಟ್ಟೆ ಕೈಗೆ ತೆಗೆದುಕೊಂಡಳು. ಕೂರಬೇಕು, ಬಗ್ಗಬೇಕು, ಮತ್ತೆ ಗೋಡೆ ಹಿಡಿದು ಏಳಬೇಕು. ಬಟ್ಟೆಯನ್ನು ಗಂಡನ ಕಣ್ಣಿಗೆ ಬೀಳುವಂತೆ ಅದೇ ಹಾಲಿನ ಪಕ್ಕದಲ್ಲಿ ಇಟ್ಟು, ಚಿಂದಿಯ ಮೂಟೆಯ ಮೇಲೆ ಕಾಲೆತ್ತಿಟ್ಟು ಮಲಗಿದಳು. ಅವನು ಒರೆಸುತ್ತಾನೋ ಇಲ್ಲವೋ ಎಂದು ಕಾದು ನೋಡುವಷ್ಟು ಎಚ್ಚರವೂ ಅವಳಲ್ಲಿ ಉಳಿದಿರಲಿಲ್ಲ.