ಎಲಿಹಿಯೊ ಮಾವನ ಶನಿವಾರಗಳು

ಸೋದರಮಾವ ಎಲಿಹಿಯೊ ಪ್ರತಿ ಶನಿವಾರ ಬೊಹೋಲ್ ದ್ವೀಪದ ನಮ್ಮ ದಡದಿಂದ ಒಬ್ಬನೇ ಎದುರಿನ ದ್ವೀಪಕ್ಕೆ ದೋಣಿ ನಡೆಸುತ್ತಿದ್ದ. ಮದುವೆಯಾಗಲಿಲ್ಲ, ಯಾರ ಹಂಗಿಗೂ ಬೀಳಲಿಲ್ಲ. ಕೇಳಿದರೆ "ಕೆಲಸ ಇದೆ" ಎನ್ನುತ್ತಿದ್ದ, ಅಷ್ಟೆ.

ಅವನು ತೀರಿಕೊಂಡ ಒಂಬತ್ತನೆಯ ದಿನ, ಪ್ರಾರ್ಥನೆಗೆ ಸೇರಿದಾಗಲೂ, ಅವನು ಅಲ್ಲಿಗೆ ಹೋಗುತ್ತಿದ್ದುದು ಯಾಕೆ ಎಂಬ ಅದೇ ಅನುಮಾನ.

"ಕಳ್ಳ ಸಿಗರೇಟು ಸಾಗಿಸ್ತಿದ್ದ ಕಣೇ," ಎಂದ ಅವನ ಬಾಲ್ಯದ ಗೆಳೆಯ ತಿಬುರ್ಸಿಯೊ.

"ಅದಕ್ಕೆ ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗ್ಬೇಕೇನೋ? ಯಾವಳೋ ಇದಾಳೆ," ಎಂದಳು ಅಮ್ಮ.

ಅಷ್ಟರಲ್ಲಿ ಅಪರಿಚಿತ ಹೆಂಗಸೊಬ್ಬಳು ಬೆಳೆದ ಮಗನೊಂದಿಗೆ ಬಂದು ಮೇಣದಬತ್ತಿ ಹಚ್ಚಿದಳು.

"ನೀನೇನಾ ಅವಳು?" ಅಮ್ಮ ಕೇಳಿಯೇಬಿಟ್ಟಳು.

"ಹರೆಯದಲ್ಲಿ ನನ್ನ ಮದುವೆಗೆ ಕೇಳಿದ್ದ ಅಕ್ಕ, ನಾನು ಒಲ್ಲೆ ಅಂದೆ. ನನ್ನ ಗಂಡ ಸಮುದ್ರದ ಪಾಲಾದ್ಮೇಲೆ ಪ್ರತಿ ಶನಿವಾರ ನಮ್ಮ ದ್ವೀಪಕ್ಕೆ ಬಂದು ಸೂರು, ಬಲೆ ಸರಿಮಾಡಿ ಕೊಡ್ತಿದ್ದ. ಊಟಾನೂ ತಾನೇ ತರ್ತಿದ್ದ. ಮತ್ತೆ ಒಂದ್ಸಲಾನೂ ಕೇಳಲಿಲ್ಲ. ಕೇಳಿದ್ರೆ ಹೂಂ ಅಂತಿದ್ದೆ."

ಅಮ್ಮ ಅವಳಿಗೆ ಕಾಫಿ ಕೊಟ್ಟಳು. ಕಣ್ಣು ಮಾತ್ರ ಆ ಮಗನ ಮೂಗನ್ನೇ ಅಳೆಯುತ್ತಿತ್ತು.