ಕುಣಿಮಗ್ಗದ ಮುಂದೆ ಬೂದು ರಟ್ಟು

ಏಕೀಕರಣವಾದ ವರ್ಷ ನಾನು ಬೆಟಗೇರಿಯ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ನೇಕಾರಿಕೆಯ ಬಗ್ಗೆ ಕಿರುಚಿತ್ರ ತೆಗೆಯಲು ಮುಂಬಯಿಯಿಂದ ಒಬ್ಬ ಕ್ಯಾಮೆರಾದವರು ಬಂದರು. ಬೆಳಗಾವಿ ಕಡೆಯವರು, ಕನ್ನಡ ಬರುತ್ತಿತ್ತು. ನಮ್ಮ ಓಣಿಯಲ್ಲಿ, ನೆಲದ ಕುಣಿಗೆ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದ ಅಜ್ಜಿಯ ಮನೆಗೆ ಅವರನ್ನು ಕರೆದೊಯ್ದೆ.

ಆ ಕೋಣೆಗೆ ಒಂದೇ ಕಿಟಕಿ. ಅವರು ಅಜ್ಜಿಯ ಕೈಗೆ ಒಂದು ಬೂದು ಬಣ್ಣದ ರಟ್ಟು ಕೊಟ್ಟು, ಮುಖದ ಪಕ್ಕ ಹಿಡಿಯಲು ಹೇಳಿ, ಸ್ವಲ್ಪ ಹೊತ್ತು ಕ್ಯಾಮೆರಾ ಓಡಿಸಿದರು. ಅಜ್ಜಿ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದಳು.

"ಇದರಾಗ ಏನೂ ಬರದಿಲ್ಲಲ್ಲೋ ಮಾಸ್ತರಾ?"

"ಮುಂಬೈದಾಗ ಪ್ರಿಂಟ್ ಹಾಕೋರು ಅದನ್ನ ನೋಡೇ ಬೆಳಕಿನ ಅಳತಿ ಹಿಡೀತಾರ, ಯವ್ವಾ," ಎಂದು ಕ್ಯಾಮೆರಾದವರೇ ಹೇಳಿದರು.

ಆಮೇಲೆ ಅಜ್ಜಿ ನೇಯುವುದನ್ನು ತೆಗೆಯುವ ಮುನ್ನ, ಬೆಳಕು ಒಳಬರುವ ಲೆನ್ಸಿನ ಕಿಂಡಿಯನ್ನು ಇನ್ನಷ್ಟು ತೆರೆದರು. ಯಾಕೆಂದು ಕೇಳಿದೆ.

"ಬೇಕಂತನ ಜಾಸ್ತಿ ಬೆಳಕು ಕೊಡಾಕತ್ತೇನ್ರಿ. ಇಲ್ಲಂದ್ರ ನೆರಳಿನಾಗ ಇದ್ದದ್ದು ಫಿಲ್ಮಿಗೆ ಹತ್ತೂದಿಲ್ಲ."

ಕೆಲವು ವಾರಗಳ ನಂತರ ಪ್ರಿಂಟ್ ಹಿಡಿದು ಬಂದರು. ಗದಗಿನ ಟಾಕೀಸಿನಲ್ಲಿ ಬೆಳಿಗ್ಗೆ ನಮಗಷ್ಟೇ ತೋರಿಸಿದರು. ಅಜ್ಜಿಯ ಮುಖ ಹಿಟ್ಟು ಬಳಿದಂತಿತ್ತು. ಕಪ್ಪು ನೂಲೆಲ್ಲ ಮಾಸಿ ಬೂದು ಬಣ್ಣಕ್ಕೆ ತಿರುಗಿತ್ತು, ಮಗ್ಗದ ಕೆಳಗೆಲ್ಲ ಮಂಜು ಕವಿದಂತಿತ್ತು.

"ಜಡ್ಡು ಬಿದ್ದು ಹಾಸಿಗಿ ಹಿಡದಾಕಿ ಹಂಗ ಕಾಣ್ತೀನಿ," ಎಂದಳು ಅಜ್ಜಿ.

ರಟ್ಟು ಮಾತ್ರ ಕೈಯಲ್ಲಿ ಕಂಡ ಬಣ್ಣದಲ್ಲೇ ಇತ್ತು. ಅದು ನನ್ನನ್ನು ಕಾಡಿತು.

"ರಟ್ಟಿಗೂ ಅಷ್ಟ ಬೆಳಕು ಕೊಟ್ಟಿದ್ರೇನ್ರಿ?" ಎಂದೆ.

ಕ್ಯಾಮೆರಾದವರು ನನ್ನ ಕಡೆ ತಿರುಗಿದರು. "ಇಲ್ರಿ. ರಟ್ಟನ್ನ ರೂಢಿ ಪ್ರಕಾರ ತಗದೆ, ಜಾಸ್ತಿ ಬೆಳಕು ಆಮ್ಯಾಲೆ ಕೊಟ್ಟೆ. ಅವರು ರಟ್ಟನ್ನ ನಂಬಿ ಪ್ರಿಂಟ್ ಹಾಕ್ಯಾರ. ಎರಡಕ್ಕೂ ಒಂದ ಅಳತಿ ಕೊಟ್ಟಿದ್ರ, ಎರಡನ್ನೂ ಕೂಡೇ ಪ್ರಿಂಟಿನಾಗ ಕಪ್ಪು ಮಾಡಿ ಸರಿ ಬಣ್ಣಕ್ಕ ತರ್ತಿದ್ರು. ತಪ್ಪು ನಂದ."

ಮರುದಿನ ಮತ್ತೆ ಚಿತ್ರೀಕರಣವಾಯಿತು. ಈ ಸಲ ಮೊದಲೇ ಲೆನ್ಸಿನ ಕಿಂಡಿ ತೆರೆದಿಟ್ಟು, ಮತ್ತೆ ಅದನ್ನು ಮುಟ್ಟದೆ, ಮೊದಲು ರಟ್ಟನ್ನೂ ನಂತರ ಮಗ್ಗವನ್ನೂ ತೆಗೆದರು. ಕುತೂಹಲ ತಾಳದೆ ನಾನು ಅವರ ಪಕ್ಕದಲ್ಲೇ ನಿಂತು ನೋಡಿದೆ.

ಮತ್ತೆ ಕೆಲವು ವಾರಗಳ ಮೇಲೆ ಎರಡನೆಯ ಪ್ರಿಂಟ್ ಅದೇ ಟಾಕೀಸಿನಲ್ಲಿ ನೋಡಿದೆವು. ಕಪ್ಪು ನೂಲು ಕಪ್ಪಾಗಿಯೇ ಇತ್ತು. ಅಜ್ಜಿಯ ಕೆನ್ನೆಯ ಸುಕ್ಕುಗಳು ಒಂದೊಂದಾಗಿ ಕಾಣುತ್ತಿದ್ದವು. ಮಗ್ಗದ ಕೆಳಗೆ, ನಾನು ಬರೀ ಕತ್ತಲೆಂದುಕೊಂಡಿದ್ದ ಕುಣಿಯಲ್ಲಿ, ಎರಡು ಪಾದಗಳು ಹಲಗೆಗಳನ್ನು ಸರದಿಯಂತೆ ತುಳಿಯುತ್ತಿದ್ದವು.

ಅಜ್ಜಿ ಮುಂದಕ್ಕೆ ಬಾಗಿದಳು.

"ಅವು ನನ್ನ ಕಾಲೇನೋ?"

"ಹೌದಬೇ."

"ಮದಿವ್ಯಾಗಿ ಬಂದಾಗಿಂದ ತುಳದೀನಿ. ಅವು ಹಿಂಗ ಆಡ್ತಾವಂತ ನೋಡೇ ಇದ್ದಿಲ್ಲ. ಇನ್ನೊಮ್ಮೆ ಹಾಕಸಪಾ."

ಕ್ಯಾಮೆರಾದವರು ರೀಲನ್ನು ಹಿಂದಕ್ಕೆ ಸುತ್ತಿಸಿದರು. ಎರಡನೇ ಸಲ ಅಜ್ಜಿ ತನ್ನ ಮುಖದ ಕಡೆ ನೋಡಲೇ ಇಲ್ಲ.